ಹಿಂದೆ ಬರುವ ‘ಗೆ’, ಮುಂದೆ ಬರುವ ‘ಟು’

ಕಳೆದ ಸಂಚಿಕೆಯ ಹುರುಳಿಕಾಳು ಬಸ್ಸಾರಿಗೆ ಬಂದ ಪತ್ರಗಳಿಗೆಲ್ಲ ಒಟ್ಟಿಗೇ ವಂದನೆ ಹೇಳಿಬಿಡುತ್ತೇನೆ. ಮೊಳಕೆ ಕಟ್ಟದಿದ್ದರೂ ಆಗುತ್ತದಾ ಎಂದು ಕೇಳಿದವರಿಗೆ: ಆಗುತ್ತದೆ, ರುಚಿ ಸ್ವಲ್ಪ ಕಮ್ಮಿ. ಈ ಸಲ ಬಸ್ಸಾರಿನ ಮಾತು ಇಷ್ಟಕ್ಕೇ ಸಾಕು. ಆ ಪತ್ರಗಳ ನಡುವೆ ಬೇರೆ ಥರದ್ದೊಂದು ಇತ್ತು, ಅದನ್ನು ಸಾಸಿವೆ ಡಬ್ಬಿಯ ಹಿಂದೆ ಎತ್ತಿಟ್ಟುಕೊಂಡಿದ್ದೇನೆ.

ಬರೆದ ಸೋದರಿಯ ಮಗ ಮೂರನೇ ಕ್ಲಾಸು. ಬಿಟ್ಟ ಸ್ಥಳದಲ್ಲಿ ‘ಇನ್’, ‘ಆನ್’, ‘ಅಟ್’ ತುಂಬುವ ಪಾಠ ಹೇಳಿಕೊಡಲು ಕೂತರಂತೆ. ಎರಡು ತಪ್ಪಾಯಿತು. “ನಿನಗೆ ಬರಲ್ಲ ಬಿಡಮ್ಮ, ಅಪ್ಪ ಬರಲಿ” ಎಂದು ಹುಡುಗ ಪುಸ್ತಕ ಮುಚ್ಚಿಟ್ಟ. ಆಮೇಲೆ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದೆ, ಕಣ್ಣೀರಿಗೆ ಯಾರಿಗೂ ಲೆಕ್ಕ ಕೊಡಬೇಕಾಗಲಿಲ್ಲ ಎಂದು ಬರೆದಿದ್ದಾರೆ.

ಅಕ್ಕಾ (ತಂಗಿಯೋ, ವಯಸ್ಸು ಬರೆದಿಲ್ಲ), ನನ್ನ ಕಥೆ ಕೇಳಿ.

ಹೋದ ವರ್ಷ ನಮ್ಮ ಮಗಳು ಬೆಂಗಳೂರಿನಲ್ಲಿ ಕಾಲೇಜಿಗೆ ಸೇರಿದಳು. ಹಾಸ್ಟೆಲಿಗೆ ಅರ್ಜಿ ಹಾಕಬೇಕಿತ್ತು. ಅರ್ಜಿಗೆ ಸಹಿ ಮಾಡಿ, “ನೀನೇ ಕಳಿಸಿಬಿಡಮ್ಮ” ಎಂದು ಹೇಳಿ ಅವಳು ಚಿಂತಾಮಣಿಗೆ ಅಜ್ಜಿಯ ಮನೆಗೆ ಹೋದಳು. ನಮ್ಮವರಿಗೆ ಹುಳುಮನೆಯ ಕೆಲಸ. ಹುಳ ನಾಲ್ಕನೇ ಜ್ವರ ಎದ್ದ ಮೇಲೆ ಮನೆಯಲ್ಲಿ ಸೊಪ್ಪಿನ ಮಾತು ಬಿಟ್ಟು ಬೇರೆ ಮಾತಿಲ್ಲ, ರೇಷ್ಮೆ ಸಾಕುವ ಮನೆಯವರಿಗೆ ಗೊತ್ತು. ಹಾಗಾಗಿ ಅರ್ಜಿಯ ಜೊತೆಗಿದ್ದ ಇಂಗ್ಲಿಷ್ ಚೀಟಿ ಓದಿದವಳು ನಾನೇ. ಅರ್ಜಿ ಆಫೀಸಿಗೆ ‘ಬೈ ದಿ ಟೆನ್ತ್’ ತಲುಪಬೇಕು ಎಂದಿತ್ತು.

ನನಗೆ ಗೊತ್ತಿದ್ದ ಬೈ ಎಂದರೆ ‘ಬೈ ಬಸ್’, ‘ಬೈ ಪೋಸ್ಟ್’. ಅಂದರೆ ಮೂಲಕ. ಟೆನ್ತ್ ಎಂದರೆ ಹತ್ತನೇ ಕ್ಲಾಸು. ಎರಡೂ ಕೂಡಿಸಿದೆ: ಹತ್ತನೇ ಕ್ಲಾಸಿನ ಅಂಕಗಳ ಮೂಲಕ! ಎಷ್ಟು ಚೆನ್ನಾಗಿ ಅರ್ಥವಾಯಿತು ನೋಡಿ. ಶಿಡ್ಲಘಟ್ಟಕ್ಕೆ ಹೋಗಿ ಅಂಕಪಟ್ಟಿ ಜೆರಾಕ್ಸ್ ಮಾಡಿಸಿ, ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿ, ನೀಟಾಗಿ ಪಿನ್ನು ಚುಚ್ಚಿ 12ನೇ ತಾರೀಖು ಕಳಿಸಿದೆ. ಅದು ಹತ್ತನೇ ತಾರೀಖಿನೊಳಗೆ ಸೇರಬೇಕಿದ್ದ ಅರ್ಜಿ.

ಸೀಟು ಹೋಯಿತು. ಮಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಂಗಮಕೋಟೆಯಿಂದ ಹೊಸಕೋಟೆ ಮೇಲೆ ಬೆಂಗಳೂರಿಗೆ ದಿನಾ ಬಸ್ಸು, ಬೆಳಿಗ್ಗೆ ಕತ್ತಲಲ್ಲಿ ಹೊರಟರೆ ರಾತ್ರಿ ಕತ್ತಲಲ್ಲಿ ಮನೆ. ಒಂದೊಂದು ದಿನ ಊಟದ ತಟ್ಟೆಯ ಮುಂದೆ ತೂಕಡಿಸುತ್ತಾಳೆ. ಎರಡಕ್ಷರದ ಒಂದು ಬೈ!

ದಸರಾ ರಜೆಗೆ ನಮ್ಮಣ್ಣನ ಮಗಳು ಬಂದಿದ್ದಳು. ಬೆಂಗಳೂರಿನ ಕಂಪನಿಯಲ್ಲಿ ಕೆಲಸ. ಮೆಕ್ಸಿಕೋ ಕಡೆಯ ಗಿರಾಕಿಗಳ ಜೊತೆ ಮಾತಾಡಬೇಕಂತೆ, ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ಸ್ಪೇನ್ ಒಂದೇ ಅಲ್ಲ, ದಕ್ಷಿಣ ಅಮೆರಿಕದ ಬಹುಪಾಲು ದೇಶಗಳು ಸೇರಿ ಇಪ್ಪತ್ತು ದೇಶಗಳಲ್ಲಿ ಅದು ಆಡಳಿತ ಭಾಷೆ. ಕೂದಲು ಕಿತ್ತುಕೊಳ್ಳುವ ಹಾಗೆ ಕೂತು ನೋಟ್‌ಬುಕ್ ನೋಡುತ್ತಿದ್ದಳು. ಏನೇ ಅದು ಎಂದೆ. “ಪ್ರಿಪೊಸಿಷನ್ನು ಅತ್ತೆ. ಇಂಗ್ಲಿಷಿಂದು ಕಲಿತು ಮುಗಿಯಿತು ಅಂದ್ಕೊಂಡ್ರೆ ಇಲ್ಲಿ ಬೇರೇನೇ ಲೆಕ್ಕ” ಎಂದಳು. ನನ್ನ ಬೈ ಪುರಾಣ ಹೇಳಿಕೊಂಡೆ. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. ಹುರುಳಿಕಾಯಿ ಮೊರ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಆ ಮಧ್ಯಾಹ್ನ ನಾರು ಬಿಡಿಸುತ್ತ ಕಲಿತದ್ದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲನೆಯದು, ನಮ್ಮಲ್ಲಿ ಇದೆಲ್ಲ ಪದದ ಬಾಲದಲ್ಲಿರುತ್ತದೆ. ಮನೆ-ಗೆ, ಮನೆ-ಯಿಂದ, ಮನೆ-ಯಲ್ಲಿ. ಅವರಲ್ಲಿ ಪದದ ಮುಂದೆ ಬೇರೆಯಾಗಿ ನಿಲ್ಲುತ್ತದೆ: ಟು, ಫ್ರಮ್, ಇನ್. ಸ್ಪ್ಯಾನಿಷ್‌ನಲ್ಲೂ ಮುಂದೆಯೇ. ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳ ಒಳಮಾತು ತೆಲುಗು, ಅದರಲ್ಲೂ ‘ಇಂಟಿಕಿ’, ‘ಇಂಟ್ಲೋ’ ಎಂದು ಬಾಲವೇ. ಹಾಗಾಗಿ ನಮ್ಮ ಮಕ್ಕಳಿಗೆ ಯಾವ ಕಡೆಯಿಂದ ಬಂದರೂ ಇಂಗ್ಲಿಷು ತಲೆಕೆಳಗೆ. ಶಾಲೆಯಲ್ಲಿ ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ರಾಗವಾಗಿ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಆ ವಿಭಕ್ತಿಗಳು ಮಾಡುವ ಕೆಲಸದ ಬಹುಪಾಲನ್ನು ಅವರಲ್ಲಿ ಈ ಪುಟಾಣಿ ಪದಗಳು ಮಾಡುತ್ತವೆ.

ಎರಡನೆಯದು ಕಷ್ಟದ್ದು. ತಟ್ಟೆಯಲ್ಲಿ ಅನ್ನ, ಬಟ್ಟಲಲ್ಲಿ ಸಾರು. ನಮಗೆ ಎರಡೂ ‘ಅಲ್ಲಿ’. ಇಂಗ್ಲಿಷಿನವರಿಗೆ ಅನ್ನ ‘ಆನ್’ ದಿ ಪ್ಲೇಟ್, ಸಾರು ‘ಇನ್’ ದಿ ಬೌಲ್. ತಟ್ಟೆ ಚಪ್ಪಟೆ, ಅನ್ನ ಅದರ ಮೈಮೇಲೆ ಕೂತಿದೆ; ಬಟ್ಟಲಿಗೆ ಗೋಡೆಯಿದೆ, ಸಾರು ಅದರ ಒಳಗಿದೆ. ಗೋಡೆಯಲ್ಲಿ ಮೊಳೆ ಎಂದರೆ ಇನ್, ಗೋಡೆಯಲ್ಲಿ ಹಲ್ಲಿ ಎಂದರೆ ಆನ್. ಹುಳುಮನೆಯಲ್ಲಿ ನಮ್ಮವರಿದ್ದಾರೆ ಎನ್ನುವಾಗ ಒಳಗೋ ಬಾಗಿಲಲ್ಲೋ ಮುಖ್ಯವಲ್ಲ, ಆ ಜಾಗದ ಹತ್ತಿರ ಇದ್ದಾರೆ ಅಷ್ಟೆ, ಆಗ ಅಟ್. ಕನ್ನಡ ವಸ್ತುವಿನ ಆಕಾರ ಕೇಳುವುದೇ ಇಲ್ಲ. ಇಂಗ್ಲಿಷು ಹೆಜ್ಜೆಹೆಜ್ಜೆಗೂ ಕೇಳುತ್ತದೆ. ನಿಮ್ಮ ಮಗನ ಪುಸ್ತಕದಲ್ಲಿ ನೀವು ತಪ್ಪಿದ್ದು ಇಲ್ಲಿಯೇ ಇರಬೇಕು, ಅದು ದಡ್ಡತನವಲ್ಲ ತಾಯಿ.

ಹೊತ್ತಿಗೂ ಹೀಗೆಯೇ. ಗಡಿಯಾರದ ಗಂಟೆಗೆ ಅಟ್, ದಿನಕ್ಕೆ ಆನ್, ತಿಂಗಳು ವರ್ಷಕ್ಕೆ ಇನ್. ಚಿಕ್ಕದರಿಂದ ದೊಡ್ಡದಕ್ಕೆ. ಆದರೆ ರಾತ್ರಿಗೆ ‘ಅಟ್ ನೈಟ್’, ಬೆಳಿಗ್ಗೆಗೆ ‘ಇನ್ ದಿ ಮಾರ್ನಿಂಗ್’. ಯಾಕೆ ಎಂದು ಕೇಳಿದೆ. “ಹಾಗೇ ಅತ್ತೆ, ಯಾಕೆ ಅಂತಿಲ್ಲ” ಎಂದಳು. ಬಸ್ಸಿಗೆ ಆನ್, ಕಾರಿಗೆ ಇನ್. ಒಳಗೆ ಎದ್ದು ಓಡಾಡುವಂಥ ವಾಹನಕ್ಕೆ ಆನ್ ಎಂದು ನೆನಪಿಟ್ಟುಕೋ ಎಂದಳು. ಸಂತೆ ದಿನದ ನಮ್ಮ ಬಸ್ಸಿನಲ್ಲಿ ಓಡಾಡುವುದಿರಲಿ, ಕಾಲೂರಲು ಜಾಗವಿರುವುದಿಲ್ಲ, ಆದರೂ ಆನ್ ಅಂತೆ.

ನಾವು ಮಾಡುವ ತಪ್ಪುಗಳ ಬೇರು ಕನ್ನಡದಲ್ಲೇ ಸಿಗುತ್ತದೆ. “ಮೂರು ವರ್ಷದಿಂದ ಇಲ್ಲಿದ್ದೇನೆ” ಎನ್ನುತ್ತೇವೆ, “2019ರಿಂದ ಇಲ್ಲಿದ್ದೇನೆ” ಎಂದೂ ಎನ್ನುತ್ತೇವೆ, ಎರಡಕ್ಕೂ ಒಂದೇ ‘ಇಂದ’. ಇಂಗ್ಲಿಷಿಗೆ ಮೊದಲನೆಯದು ಕಾಲದ ಉದ್ದ, ಅದಕ್ಕೆ ‘ಫಾರ್’. ಎರಡನೆಯದು ಶುರುವಾದ ಜಾಗ, ಅದಕ್ಕೆ ‘ಸಿನ್ಸ್’. ‘ಸಿನ್ಸ್ ತ್ರೀ ಇಯರ್ಸ್’ ಎಂದು ಹೇಳದವರು ನಮ್ಮಲ್ಲಿ ಯಾರಿದ್ದಾರೆ! ಬೆಂಗಳೂರಿಗೆ ತಲುಪಿದೆ ಎನ್ನುತ್ತೇವಲ್ಲ, ಆ ‘ಗೆ’ಯನ್ನು ಹಿಡಿದುಕೊಂಡು ‘ರೀಚ್ಡ್ ಟು’ ಎನ್ನುತ್ತೇವೆ. ಅಲ್ಲಿ ಟು ಬೇಕಿಲ್ಲ. ಅದರ ಬಗ್ಗೆ ಚರ್ಚಿಸಿದೆವು ಎಂದು ‘ಡಿಸ್ಕಸ್ ಅಬೌಟ್’ ಎನ್ನುತ್ತೇವೆ, ಅಬೌಟ್ ಬೇಕಿಲ್ಲ. ‘ಮ್ಯಾರೀಡ್ ವಿತ್’ ತಪ್ಪು, ‘ಮ್ಯಾರೀಡ್ ಟು’ ಸರಿ. ಇದನ್ನು ಕೇಳಿ ನನಗೆ ಸ್ವಲ್ಪ ಬೇಸರವಾಯಿತು. ಮದುವೆ ಎಂದರೆ ಒಬ್ಬರ ಜೊತೆ ಅಲ್ಲವೇ? ಸ್ಪ್ಯಾನಿಷ್‌ನಲ್ಲಿ ಮದುವೆಗೆ ‘ಕೊನ್’ ಎನ್ನುತ್ತಾರಂತೆ, ಅಂದರೆ ಜೊತೆ. ಆ ಜನ ನಮ್ಮವರು ಎನ್ನಿಸಿತು.

ಅಲ್ಲಿಂದ ಮಾತು ಸ್ಪ್ಯಾನಿಷ್ ಕಡೆ ತಿರುಗಿತು. ಅವರ ‘ಎನ್’ ನಮ್ಮ ‘ಅಲ್ಲಿ’ಯ ತಂಗಿ. ಮನೆಯಲ್ಲಿ, ಮೇಜಿನ ಮೇಲೆ, ಬಸ್ಸಿನಲ್ಲಿ, ಎಲ್ಲಕ್ಕೂ ಎನ್. “ಸೋಮವಾರ ಬಾ” ಎಂದು ನಾವು ಬರಿದೇ ಹೇಳುವಂತೆ ಅವರೂ ದಿನದ ಹಿಂದೆ ಮುಂದೆ ಏನನ್ನೂ ಅಂಟಿಸದೆ ‘ಎಲ್ ಲೂನೆಸ್’ ಎನ್ನುತ್ತಾರೆ. ಎಲ್ ಎಂದರೆ ಇಂಗ್ಲಿಷಿನ ‘ದಿ’ ಇದ್ದ ಹಾಗೆ. ಇನ್ನು ಅವರ ‘ಆ’ ಎಂಬ ಒಂಟಿ ಅಕ್ಷರ ನಮ್ಮ ‘ಗೆ’ ಮಾಡುವ ಕೆಲಸಗಳಲ್ಲಿ ಹಲವನ್ನು ಮಾಡುತ್ತದೆ. ಊರಿಗೆ ಹೋಗುವುದಕ್ಕೆ ಆ. ಐದು ಗಂಟೆಗೆ ಎನ್ನಲು ‘ಆ ಲಾಸ್ ಸಿಂಕೊ’. “ನನಗೆ ಇಷ್ಟ” ಎನ್ನಲು ‘ಆ ಮಿ ಮೆ ಗುಸ್ತಾ’. ಇಂಗ್ಲಿಷಿನವರು ‘ಐ ಲೈಕ್’ ಎಂದು ನಾನು ನಾನು ಎಂದು ಮುಂದೆ ಬರುತ್ತಾರೆ. ನಮಗೂ ಸ್ಪ್ಯಾನಿಷ್‌ನವರಿಗೂ ಇಷ್ಟ ಎಂಬುದು ನಮ್ಮ ಹತ್ತಿರಕ್ಕೆ ತಾನೇ ಬರುವಂಥದ್ದು, ಹಸಿವು ಬರುವ ಹಾಗೆ.

ಅವಳು ಕೂದಲು ಕಿತ್ತುಕೊಳ್ಳುತ್ತಿದ್ದ ಜಾಗ ಇನ್ನೊಂದು ‘ಆ’. ಮನೆ ನೋಡುತ್ತೇನೆ ಎನ್ನಲು ‘ಬೆಯೊ ಲಾ ಕಾಸಾ’. ಆ ಹುಡುಗಿಯನ್ನು ನೋಡುತ್ತೇನೆ ಎನ್ನಲು ‘ಬೆಯೊ ಆ ಲಾ ನಿನ್ಯಾ’. ಮನೆಗಿಲ್ಲದ ಆ ಹುಡುಗಿಗೆ ಯಾಕೆ ಬಂತು? ಇಂಗ್ಲಿಷಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವಳು ಇನ್ನೊಂದು ಸಲ ಗಟ್ಟಿಯಾಗಿ ಓದಿದಾಗ ನಾನು, “ಅಲ್ಲವೇ, ನಾವೂ ಹಾಗೇ ಅಲ್ವೇನೆ ಅನ್ನೋದು? ಮನೆ ನೋಡಿದೆ ಅಂದ್ರೆ ಸಾಕು, ‘ಮನೆಯನ್ನು’ ಬೇಡ. ಆದ್ರೆ ‘ನಿಮ್ಮತ್ತೆ ನೋಡಿದೆ’ ಅಂದ್ರೆ ಆಗುತ್ತಾ? ‘ನಿಮ್ಮತ್ತೇನ ನೋಡಿದೆ’ ಅನ್ನಬೇಕು” ಎಂದೆ. ಮನುಷ್ಯರಿಗೆ ‘ಅನ್ನು’ ಬೇಕೇ ಬೇಕು, ವಸ್ತುವಿಗೆ ಬಿಟ್ಟರೂ ನಡೆಯುತ್ತದೆ.

ಅವಳು ಹುರುಳಿಕಾಯಿ ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು. “ಹಾಗಾದ್ರೆ ‘ಹೆಣ್ಣು ನೋಡೋಕೆ ಹೋದ್ರು’ ಅಂತೀವಲ್ಲ ಅತ್ತೆ, ಅಲ್ಲಿ ‘ಅನ್ನು’ ಎಲ್ಲಿದೆ?” ಒಳ್ಳೆಯ ಪ್ರಶ್ನೆ. ನಾನು ಸ್ವಲ್ಪ ಹೊತ್ತು ಯೋಚಿಸಿದೆ. ಹುಡುಗನಿಗೆ ಹೆಣ್ಣು ಹುಡುಕುತ್ತಿದ್ದಾರೆ ಎಂದರೆ ಯಾವ ಹೆಣ್ಣೋ ಇನ್ನೂ ಗೊತ್ತಿಲ್ಲ. ಹೆಣ್ಣನ್ನು ಹುಡುಕುತ್ತಿದ್ದಾರೆ ಎಂದರೆ ಇದ್ದ ಹೆಣ್ಣು ಕಾಣೆಯಾಗಿದ್ದಾಳೆ, ಪೊಲೀಸ್ ಸ್ಟೇಷನ್ ಮಾತು! ಅವಳು ನೋಟ್‌ಬುಕ್ ತಿರುವಿದಳು. ಸ್ಪ್ಯಾನಿಷ್‌ನಲ್ಲೂ ಅದೇ ಕಟ್ಟಳೆ. ಇಂಥವರೇ ಎಂದು ಗೊತ್ತಿರದ ಯಾರೋ ಕೆಲಸದವರನ್ನು ಹುಡುಕುವಾಗ ‘ಆ’ ಬಿಟ್ಟುಹೋಗುತ್ತದೆ. ಅಷ್ಟು ದೂರದ ಭಾಷೆಯ ಗಂಟು ಅಡುಗೆಮನೆಯ ಕನ್ನಡದಲ್ಲಿ ಬಿಚ್ಚಿತು. ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮದ ನಾನು ಒಂದು ನಿಮಿಷ ಜಂಬಪಟ್ಟೆ, ಸುಳ್ಳು ಯಾಕೆ ಹೇಳಲಿ.

ಸಂಜೆ ನಮ್ಮವರು ಸೊಪ್ಪು ಹಾಕಿ ಬಂದು ಕಾಫಿ ಕುಡಿಯುತ್ತ, ಕನ್ನಡದ ವ್ಯಾಕರಣವೇನು ಇವತ್ತಿನದಾ ಎಂದರು. ನಿಜವೇ. ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದದ್ದು 13ನೇ ಶತಮಾನದಲ್ಲಿ. ನೆಬ್ರಿಹಾ ಎಂಬ ಪಂಡಿತ ಸ್ಪ್ಯಾನಿಷ್ ವ್ಯಾಕರಣ ಅಚ್ಚು ಹಾಕಿಸಿದ್ದು 1492ರಲ್ಲಿ, ಕೊಲಂಬಸ್ ಹಡಗು ಹತ್ತಿದ ವರ್ಷ. ನಮ್ಮದೇ ಹಿರಿದು! 1894ರಲ್ಲಿ ಕನ್ನಡ ನಿಘಂಟು ಅಚ್ಚಾಗಿ ಬಂದ ಕಿಟ್ಟೆಲ್ ಸಾಹೇಬರು 1903ರಲ್ಲಿ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಹೊರತಂದರು. ಅವರ ಹುಟ್ಟುಮಾತು ಜರ್ಮನ್. ನಮ್ಮ ಬಾಲಗಳನ್ನು ಕಲಿಯಲು ಅವರೂ ಎಷ್ಟು ತಡವರಿಸಿರಬೇಕು.

ಈಗ ಬೈ ವಿಷಯ. ತಾರೀಖಿನ ಮುಂದೆ ಬೈ ಬಂದರೆ ‘ಒಳಗೆ’. ‘ಟಿಲ್’, ‘ಅಂಟಿಲ್’ ಬಂದರೆ ‘ವರೆಗೆ’. ಹತ್ತರೊಳಗೆ ಹಣ ಕಟ್ಟಿ ಎಂದರೆ ಬೈ. ಹತ್ತರವರೆಗೆ ಕೌಂಟರ್ ತೆರೆದಿರುತ್ತದೆ ಎಂದರೆ ಅಂಟಿಲ್. ಸ್ಪ್ಯಾನಿಷ್‌ನಲ್ಲಿ ಇದಕ್ಕೆ ‘ಪಾರಾ’ ಅಂತೆ, ಸೋಮವಾರದ ಹೊತ್ತಿಗೆ ಬೇಕು ಎನ್ನಲು ‘ಪಾರಾ ಎಲ್ ಲೂನೆಸ್’. ಮಗಳಿಗೋಸ್ಕರ ಎನ್ನಲೂ ಪಾರಾವೇ. ಅದರ ಓರಗಿತ್ತಿ ‘ಪೋರ್’: ಮಳೆಯಿಂದಾಗಿ, ಹತ್ತು ರೂಪಾಯಿಗೆ, ಎನ್ನುವುದೆಲ್ಲ ಪೋರ್. “ಹೊಸಕೋಟೆ ಮೇಲೆ ಹೋಗೋದಕ್ಕೂ ಪೋರ್ ಅತ್ತೆ” ಎಂದಳು. ಇಂಗ್ಲಿಷಿನಲ್ಲಿ ಅದನ್ನು ‘ಆನ್ ಹೊಸಕೋಟೆ’ ಎಂದುಬಿಡಬೇಡ, ಬಸ್ಸು ಊರಿನ ಛಾವಣಿ ಮೇಲೆ ಹತ್ತುತ್ತದೆ, ‘ವಯಾ’ ಎನ್ನಬೇಕು ಎಂದೂ ಹೇಳಿದಳು.

ಪತ್ರ ಬರೆದ ಸೋದರಿಗೆ: ಬಿಟ್ಟ ಸ್ಥಳ ತುಂಬುವ ಪುಸ್ತಕವನ್ನು ಎರಡು ದಿನ ಮುಚ್ಚಿಡಿ. ಒಂದು ಲೋಟ, ಒಂದು ತಟ್ಟೆ, ಒಂದು ನಿಂಬೆಹಣ್ಣು ತೆಗೆದುಕೊಳ್ಳಿ. ಹಣ್ಣನ್ನು ಲೋಟದೊಳಗೆ ಹಾಕಿ ಇನ್, ತಟ್ಟೆಯ ಮೇಲಿಟ್ಟು ಆನ್, ಲೋಟ ಕವುಚಿ ಅಂಡರ್. ನೀವು ಇಡಿ, ಅವನು ಹೇಳಲಿ. ಆಮೇಲೆ ಅವನು ಇಡಲಿ, ನೀವು ಹೇಳಿ. ತಪ್ಪಿದರೆ ತಪ್ಪಿ, ನೋಡಿ ಅವನು ತಿದ್ದಲಿ. ಮಾತ್ರೆಯ ಚೀಟಿಯನ್ನೂ ಒಟ್ಟಿಗೆ ಓದಿ: ‘ಬಿಫೋರ್ ಫುಡ್’, ‘ಆಫ್ಟರ್ ಫುಡ್’, ‘ಫಾರ್ ಫೈವ್ ಡೇಸ್’. ನಮ್ಮ ಮನೆಯಲ್ಲಿ ಅತ್ತೆಯವರ ಸಕ್ಕರೆ ಕಾಯಿಲೆಯ ಮಾತ್ರೆ ಊಟಕ್ಕೆ ಮುಂಚೆಯದೋ ಆಮೇಲಿನದೋ ಎಂದು ನೋಡುವುದು ಈಗ ನನ್ನದೇ ಕೆಲಸ. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ನಮ್ಮ ಕಾಲದಲ್ಲಿ ಐದನೇ ತರಗತಿಗೆ ಎ ಬಿ ಸಿ ಡಿ ಹಿಡಿದವರು ನಾವು, ಮಗನಿಗೆ ಅದನ್ನೂ ಹೇಳಿ.

ಈ ವರ್ಷದ ಹಾಸ್ಟೆಲ್ ಅರ್ಜಿ ಮೊನ್ನೆ ಬಂತು. ಚೀಟಿಯಲ್ಲಿ ‘ಆನ್ ಆರ್ ಬಿಫೋರ್’ ಎಂದು 15ನೇ ತಾರೀಖು ಬರೆದಿದ್ದರು. ಆ ದಿನ, ಇಲ್ಲವೇ ಅದಕ್ಕೆ ಮುಂಚೆ. ಮಗಳು ಓದಿದಳು, ಆಮೇಲೆ ಚೀಟಿ ನನ್ನ ಕೈಗೆ ಕೊಟ್ಟು “ನೀನೂ ಒಂದ್ಸಲ ನೋಡಮ್ಮ” ಎಂದಳು. 4ನೇ ತಾರೀಖು ಇಬ್ಬರೂ ಬಸ್ಸು ಹತ್ತಿ ಹೋಗಿ ಕೈಯಾರೆ ಕೊಟ್ಟು ಬಂದೆವು. ಪಟ್ಟಿ ಇನ್ನೂ ಹಾಕಿಲ್ಲ. ಅಲ್ಲಿಯವರೆಗೆ ಬೆಳಗಿನ ಜಾವಕ್ಕೇ ಎದ್ದು ಅವಳ ಡಬ್ಬಿಗೆ ಚಿತ್ರಾನ್ನವೋ ಅವರೆಕಾಳು ಉಪ್ಪಿಟ್ಟೋ ಮಾಡುವುದು ಇದ್ದೇ ಇದೆ. ಆ ಉಪ್ಪಿಟ್ಟಿನ ಅಳತೆ ಮುಂದಿನ ಸಂಚಿಕೆಗೆ.