ಸೋತಿದ್ದು ಯಾರ ತಪ್ಪು ಗುರು?

ಫುಟ್ಬಾಲ್ ಬಗ್ಗೆ ಬರೆದರೆ ಈ ಕಡೆ ತಲೆ ಹಾಕೋರು ಕಮ್ಮಿ ಅಂತ ಗೊತ್ತು. ಹಾಗಾಗಿ ಮೊದಲೇ ಹೇಳಿಬಿಡ್ತೀನಿ, ಈ ಬರಹ ಕಾಲು ಭಾಗ ಆಟದ ಬಗ್ಗೆ, ಮುಕ್ಕಾಲು ಭಾಗ ಬೈಗುಳದ ಬಗ್ಗೆ. ಬೈಗುಳ ಅಂದ್ರೆ ಎಲ್ಲರಿಗೂ ಆಸಕ್ತಿ ಇದ್ದೇ ಇರುತ್ತಲ್ಲ :-) ನಮ್ಮ ಟೀಮು ಸೋತಾಗ ಯಾರನ್ನ ಬೈತೀವಿ, ಯಾರನ್ನ ಬೈಯೋಕೆ ಮರೀತೀವಿ ಅನ್ನೋದೇ ಇವತ್ತಿನ ವಿಷಯ.

ಮೊನ್ನೆ ನಾವು ನಾಲ್ಕು ಜನ ಗೆಳೆಯರು ಮಾದಪ್ಪನ ಬೆಟ್ಟಕ್ಕೆ ಹೋಗಿದ್ವಿ. ನಾನು ಕೊಳ್ಳೇಗಾಲದ ಕಡೆಯವನು, ಆ ದಾರಿ ನನಗೆ ಹೊಸದಲ್ಲ. ಉಳಿದ ಮೂವರು ಬೆಂಗಳೂರಿನವರು. ನಾಲ್ವರೂ ಬೆಂಗಳೂರು ಎಫ್‌ಸಿ ಅಭಿಮಾನಿಗಳು. ಕನಕಪುರ ದಾಟೋ ಹೊತ್ತಿಗೆ ಶುರುವಾದ ವಾದ ಮಳವಳ್ಳಿ, ಸತ್ತೇಗಾಲದ ಸೇತುವೆ, ಕೊಳ್ಳೇಗಾಲ ಎಲ್ಲಾ ದಾಟಿದರೂ ಮುಗೀಲಿಲ್ಲ. ಪ್ರಶ್ನೆ ಒಂದೇ. 2023-24ರ ಸೀಸನ್ನಿನಲ್ಲಿ ನಮ್ಮ ಟೀಮು ಆ ಪರಿ ಮಣ್ಣು ಮುಕ್ಕಿದ್ದು ಯಾರ ತಪ್ಪು?

ಹನೂರಿನಲ್ಲಿ ಮಾವನ ಮನೆಗೆ ಊಟಕ್ಕೆ ಹೋದಾಗಲೂ ಅದೇ ಕೂಗಾಟ. ಮಾವ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಸೋತಿರದು ಅವ್ರು, ಕಿತ್ತಾಡದು ನೀವಾ? ಬುಡ್ರಪ್ಪ, ಮುದ್ದೆ ತಣ್ಣಗಾಯ್ತದ" ಅಂದ್ರು. ಮುದ್ದೆ ತಿಂದ್ವಿ, ವಾದ ಬಿಡಲಿಲ್ಲ. ಅಲ್ಲಿ ಮೂವರ ಗಲಾಟೆಯಲ್ಲಿ ಪೂರ್ತಿ ಹೇಳೋಕೆ ಆಗದಿದ್ದನ್ನ ಇಲ್ಲಿ ಹೇಳ್ತೀನಿ, ಇಲ್ಲಾದ್ರೆ ಮಧ್ಯೆ ಬಾಯಿ ಹಾಕೋರು ಯಾರೂ ಇಲ್ಲ!

"ಅಷ್ಟು ಹಳೇ ಕಥೆ ಈಗ್ಯಾಕೆ?" ಅಂತ ನೀವು ಕೇಳಬಹುದು. ಹಳೇದಾಗಿರೋದೇ ಅದರ ಅನುಕೂಲ. ಸೋತ ರಾತ್ರಿ ಆಡೋ ಮಾತಲ್ಲಿ ಸಿಟ್ಟು ಜಾಸ್ತಿ, ಪುರಾವೆ ಕಮ್ಮಿ. ಈಗ ಹಾಗಲ್ಲ. ಆಮೇಲೆ ಏನೇನಾಯ್ತು ಅಂತ ನಮಗೆ ಗೊತ್ತಿದೆ. ಹಾಗಾಗಿ ಅವತ್ತಿನ ಒಂದೊಂದು ಬೈಗುಳವನ್ನೂ ಟೆಸ್ಟ್ ಮಾಡಿ ನೋಡಬಹುದು.

ಗೊತ್ತಿಲ್ಲದವರಿಗೆ ಎರಡು ಮಾತು. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2015-16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಭಾರತದ ಮೊದಲ ಕ್ಲಬ್ ಅನ್ನಿಸಿಕೊಂಡಿತು. 2018-19ರಲ್ಲಿ ಐಎಸ್ಎಲ್ ಕಪ್ಪೂ ಬಂತು. ಹೀಗೆ ಗೆಲುವಿನ ಚಟ ಹತ್ತಿಸಿದ ಟೀಮು 2023-24ರಲ್ಲಿ 12 ಟೀಮುಗಳ ಲೀಗಿನಲ್ಲಿ 10ನೇ ಸ್ಥಾನಕ್ಕೆ ಬಿತ್ತು. 2023ರ ಡಿಸೆಂಬರ್ 8ರಂದು ನಮ್ಮದೇ ಕಂಠೀರವದಲ್ಲಿ ಮುಂಬೈ ಸಿಟಿ 4-0 ಹೊಡೆದು ಹೋಯ್ತು. ಮಾರನೇ ದಿನ ಕೋಚ್ ಸೈಮನ್ ಗ್ರೇಸನ್ ಮನೆಗೆ.

ಈಗ ಕಾರಿನೊಳಗಿನ ಮೂರು ಪಕ್ಷಗಳನ್ನ ನೋಡೋಣ.

ಡ್ರೈವ್ ಮಾಡ್ತಿದ್ದ ಗೆಳೆಯನದು ಕೋಚ್ ಪಕ್ಷ. "ಗ್ರೇಸನ್‌ಗೆ ಏನೂ ಗೊತ್ತಿರಲಿಲ್ಲ ಮಗಾ" ಅನ್ನೋದು ಅವನ ವಾದ. ಆದರೆ ಇದೇ ಗ್ರೇಸನ್ ಅದರ ಹಿಂದಿನ ಸೀಸನ್ನಿನಲ್ಲಿ ಮಾಡಿದ್ದೇನು? 2022ರ ಸೆಪ್ಟೆಂಬರಿನಲ್ಲಿ ಡ್ಯುರಾಂಡ್ ಕಪ್ ಗೆಲ್ಲಿಸಿದ. ಐಎಸ್ಎಲ್‌ನಲ್ಲಿ ಶುರುವಲ್ಲಿ ಎಡವಿದ್ದ ಟೀಮು ಲೀಗಿನ ಕೊನೆಯ 8 ಪಂದ್ಯಗಳನ್ನೂ ಗೆದ್ದು, 2023ರ ಮಾರ್ಚ್ 18ರಂದು ಗೋವಾದಲ್ಲಿ ಫೈನಲ್ ಆಡಿ ಪೆನಾಲ್ಟಿಯಲ್ಲಿ ಸೋತಿತು. ಏಪ್ರಿಲ್‌ನಲ್ಲಿ ಸೂಪರ್ ಕಪ್ ಫೈನಲ್ ಕೂಡ ಆಡಿತು. ಒಂದೇ ಸೀಸನ್ನಿನಲ್ಲಿ ಮೂರು ಫೈನಲ್! ಅಂಥವನು ಎಂಟು ತಿಂಗಳಲ್ಲಿ ಕೋಚಿಂಗ್ ಮರೆತುಬಿಟ್ಟನಾ?

ಇನ್ನೊಂದು ವಿಷಯ. ಅವನ ಜಾಗಕ್ಕೆ ಜೆರಾರ್ಡ್ ಝರಾಗೋಜಾ ಬಂದ. ಬಂದ ಮೇಲೂ ಟೀಮು ಮೇಲೆ ಏಳಲಿಲ್ಲ. 2024ರ ಏಪ್ರಿಲ್ 11ರಂದು ಅದೇ ಕಂಠೀರವದಲ್ಲಿ ಮೋಹನ್ ಬಗಾನ್ ಹೊಡೆದದ್ದೂ ಅದೇ 4-0. ಒಂದೇ ಸೀಸನ್ನು, ಒಂದೇ ಮೈದಾನ, ಎರಡು 4-0, ಇಬ್ಬರು ಕೋಚು. ಇದನ್ನ ಹೇಳಿದ ಮೇಲೆ ಡ್ರೈವರ್ ಸಾಹೇಬರು ಸ್ವಲ್ಪ ಹೊತ್ತು ರಸ್ತೆ ಕಡೆ ಗಮನ ಕೊಟ್ಟರು.

ಎರಡನೆಯವನದು ಗೋಲ್‌ಕೀಪರ್ ಪಕ್ಷ. ಗುರ್‌ಪ್ರೀತ್ ಸಿಂಗ್ ಸಂಧು ಮೇಲೆ ಕೇಸು. 2023ರ ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ, ಸೀಸನ್ನಿನ ಮೊದಲ ಪಂದ್ಯದಲ್ಲೇ, ಕಾಲಿಗೆ ಬಂದ ಚೆಂಡು ಅವನ ಹತೋಟಿ ತಪ್ಪಿತು, ಕೇರಳದ ಲೂನಾ ಕಸಿದುಕೊಂಡು ಗೋಲು ಹೊಡೆದ. ಅದು ತಪ್ಪೇ, ಯಾರೂ ಇಲ್ಲ ಅನ್ನಲ್ಲ. ಆದರೆ ಗೋಲ್‌ಕೀಪರನ ಕಷ್ಟ ನೋಡಿ, ಸ್ಟ್ರೈಕರ್ ಹತ್ತು ಸಲ ತಪ್ಪು ಮಾಡಿ ಒಂದು ಗೋಲು ಹೊಡೆದರೆ ಹೀರೋ. ಕೀಪರ್ ಹತ್ತು ಉಳಿಸಿ ಒಂದು ಬಿಟ್ಟರೆ ವಿಲನ್. ಅವನ ತಪ್ಪು ಮಾತ್ರ ಸ್ಕೋರ್‌ಬೋರ್ಡಿನ ಮೇಲೆ ಬರುತ್ತೆ. ಒಂದು ಪಂದ್ಯದ ಸೋಲಿಗೆ ಕೀಪರ್ ಕಾರಣ ಆಗಬಹುದು, ಇಡೀ ಸೀಸನ್ನಿಗೆ ಆಗಲ್ಲ.

ಮೂರನೆಯವನದು ವಯಸ್ಸಿನ ಪಕ್ಷ. "ಛೆಟ್ರಿಗೆ 39 ಆಗಿತ್ತು, ಆಗಲೇ ಬಿಡಬೇಕಿತ್ತು" ಅಂತ. ಇದರ ಟೆಸ್ಟ್ ಬಲು ಸುಲಭ. ಮರುವರ್ಷ, 2024-25ರಲ್ಲಿ, 40ನೇ ವಯಸ್ಸಿನಲ್ಲಿ ಇದೇ ಸುನಿಲ್ ಛೆಟ್ರಿ ಐಎಸ್ಎಲ್‌ನಲ್ಲಿ 14 ಗೋಲು ಹೊಡೆದ. 2024ರ ಡಿಸೆಂಬರ್ 7ರಂದು ಕೇರಳದ ಮೇಲೆ ಹ್ಯಾಟ್ರಿಕ್. ವಯಸ್ಸೇ ಕಾರಣ ಆಗಿದ್ದಿದ್ರೆ ಒಂದು ವರ್ಷ ಜಾಸ್ತಿ ಆದ ಮೇಲೆ ಆಟ ಇನ್ನೂ ಕೆಡಬೇಕಿತ್ತು, ಅಲ್ವಾ?

ಇನ್ನು ರೆಫರಿ. ಅವರ ಮೇಲೆ ಮೂವರಿಗೂ ಒಮ್ಮತ :-) ಆದರೆ ಇದರ ತಮಾಷೆ ಕೇಳಿ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳದವರು ಗೋಡೆ ಕಟ್ಟೋಕೆ ಮುಂಚೆಯೇ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದ. ರೆಫರಿ ಕೊಟ್ಟರು. ಕೇರಳದವರು ಮೈದಾನ ಬಿಟ್ಟೇ ಹೋದರು, ಫೆಡರೇಶನ್ ಆ ಕ್ಲಬ್ಬಿಗೆ 4 ಕೋಟಿ ದಂಡ ಹಾಕಿತು. ಅವತ್ತು ನಮಗೆ ಆ ರೆಫರಿ ನ್ಯಾಯದೇವತೆ. ಹದಿನೈದು ದಿನ ಕಳೆದು ಫೈನಲ್‌ನಲ್ಲಿ ನಮ್ಮ ವಿರುದ್ಧ ಪೆನಾಲ್ಟಿ ಕೊಟ್ಟ ಕೂಡಲೇ ರೆಫರಿ ಕುರುಡ! ಗೆದ್ದಾಗ ನೆನಪಾಗದ ರೆಫರಿ ಸೋತಾಗ ಮಾತ್ರ ನೆನಪಾದರೆ ಅದು ವಾದ ಅಲ್ಲ, ಬರೀ ನೋವು.

ಹಾಗಾದ್ರೆ ಯಾರು?

ನನ್ನ ಉತ್ತರ ಆ ದಾರಿಯಲ್ಲೇ ಇದೆ. ತಾಳಬೆಟ್ಟದಿಂದ ಮೇಲಕ್ಕೆ ತಿರುವಿನ ಮೇಲೆ ತಿರುವು. ನಾನು ಚಿಕ್ಕವನಿದ್ದಾಗ ಅಮಾವಾಸ್ಯೆಗೆ ಜನ ತುಂಬಿಕೊಂಡು ಏದುಸಿರು ಬಿಡ್ತಾ ಹತ್ತೋ ಬಸ್ಸು ಯಾವುದಾದರೂ ಒಂದು ತಿರುವಿನಲ್ಲಿ ನಿಂತುಬಿಡ್ತಿತ್ತು. ಎಲ್ಲರೂ ಇಳಿದು ಬೈತಿದ್ದುದು ಡ್ರೈವರನ್ನ. ಯಾಕಂದ್ರೆ ಕಣ್ಣೆದುರಿಗೆ ಇರೋನು ಅವನೇ. ಕ್ಲಚ್ ಸವೆದ ಗಾಡಿನ ಬೆಟ್ಟದ ರೂಟಿಗೆ ಬಿಟ್ಟೋರು ಯಾರು ಅಂತ ಒಬ್ಬರೂ ಕೇಳ್ತಿರಲಿಲ್ಲ. ಬಿಟ್ಟೋರು ಬಸ್ಸಿನಲ್ಲಿ ಇರ್ತಿರಲಿಲ್ಲವಲ್ಲ! ತಿರುವಿನಲ್ಲಿ ತಪ್ಪು ಗೇರ್ ಹಾಕಿದ್ದರೆ ಡ್ರೈವರಿಗೆ ಬೈಗುಳ ಸಲ್ಲಬೇಕಾದ್ದೇ. ಆದರೆ ಪೂರ್ತಿ ಅವನೊಬ್ಬನಿಗೇ ಅಲ್ಲ.

2023-24ರ ಸೋಲು ಡಿಸೆಂಬರಿನ ಆ ರಾತ್ರಿ ಆಗಿದ್ದಲ್ಲ, ಅದಕ್ಕೂ ಮುಂಚಿನ ಬೇಸಿಗೆಯಲ್ಲಿ ಆಗಿದ್ದು ಅನ್ನೋದು ನನ್ನ ವಾದ. ಫೈನಲ್ ಆಡಿದ ಟೀಮಿನಿಂದ ರಾಯ್ ಕೃಷ್ಣ ಒಡಿಶಾಗೆ ಹೋದ. ಸಂದೇಶ್ ಝಿಂಗನ್ ಗೋವಾಗೆ ಹೋದ. ಕ್ಲಬ್ಬಿನಲ್ಲೇ ಬೆಳೆದ ಉದಾಂತ ಸಿಂಗ್ ಕೂಡ ಗೋವಾಗೆ. ಪ್ರಬೀರ್ ದಾಸ್ ಕೇರಳಕ್ಕೆ. ಐಎಸ್ಎಲ್‌ನಲ್ಲಿ ಆಗ ಒಂದು ಸಲಕ್ಕೆ ನಾಲ್ಕು ವಿದೇಶಿ ಆಟಗಾರರು ಮಾತ್ರ ಮೈದಾನದಲ್ಲಿ ಇರಬಹುದಿತ್ತು. ಅಂದ್ರೆ ಹನ್ನೊಂದರಲ್ಲಿ ಏಳು ಜನ ಭಾರತೀಯರೇ ಇರಬೇಕು. ವಿದೇಶಿಯರನ್ನ ಪ್ರತಿ ವರ್ಷ ಹುಡುಕಿ ತರಬಹುದು, ಒಳ್ಳೆಯ ಭಾರತೀಯ ಆಟಗಾರರು ಇರೋದೇ ಬೆರಳೆಣಿಕೆ. ಅವರನ್ನ ಬಿಟ್ಟುಕೊಟ್ಟರೆ ಅಂಗಡಿಯಲ್ಲಿ ಬದಲಿ ಸಿಗಲ್ಲ. ಇದರ ಮೇಲೆ ಶುರುವಿನ ಎರಡು ಪಂದ್ಯಕ್ಕೆ ಛೆಟ್ರಿಯೂ ಇಲ್ಲ, ಏಷ್ಯನ್ ಗೇಮ್ಸ್ ಆಡೋಕೆ ಹಾಂಗ್‌ಝೌಗೆ ಹೋಗಿದ್ದ. ಲೀಗು ಮತ್ತು ಏಷ್ಯನ್ ಗೇಮ್ಸ್ ಒಂದೇ ವಾರ ಬರುವ ಹಾಗೆ ವೇಳಾಪಟ್ಟಿ ಮಾಡಿದ್ದೂ ಕೋಚ್ ಅಲ್ಲ.

ಇದಕ್ಕೂ ಟೆಸ್ಟ್ ಬೇಕಲ್ಲ? ಇದೆ. 2024ರಲ್ಲಿ ಕ್ಲಬ್ಬು ಮುಂಬೈ ಸಿಟಿಯಿಂದಲೇ ನೊಗೇರಾ, ಪೆರೇರಾ ಡಿಯಾಸ್, ರಾಹುಲ್ ಭೆಕೆ ಮೂವರನ್ನ ಕರೆತಂತು. 2019ರ ಫೈನಲ್‌ನಲ್ಲಿ ಗೋಲು ಹೊಡೆದು ನಮಗೆ ಕಪ್ ಕೊಡಿಸಿದ್ದ ಅದೇ ಭೆಕೆ. ಎಡ್ಗರ್ ಮೆಂಡೆಸ್, ಪೆಡ್ರೊ ಕಾಪೊ ಬಂದರು. ಕೋಚ್ ಅದೇ ಝರಾಗೋಜಾ, ಕೀಪರ್ ಅದೇ ಗುರ್‌ಪ್ರೀತ್, ಛೆಟ್ರಿ ಅದೇ ಛೆಟ್ರಿ. 10ನೇ ಸ್ಥಾನದ ಟೀಮು 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಫೈನಲ್ ಆಡಿತು. ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿತು, ಆ ಮಾತು ಬೇರೆ. ನಾವು ಬೈದ ಮೂವರಲ್ಲಿ ಇಬ್ಬರು ಅಲ್ಲೇ ಇದ್ದರು. ಬದಲಾಗಿದ್ದು ಅವರ ಸುತ್ತ ಇದ್ದವರು.

ಆದರೂ ಪ್ರತಿ ಸಲ ಕೋಚೇ ಯಾಕೆ ಹರಕೆಯ ಕುರಿ? ಸೀಸನ್ ಮಧ್ಯೆ ಇಪ್ಪತ್ತೈದು ಆಟಗಾರರನ್ನ ಬದಲಾಯಿಸೋಕೆ ಆಗಲ್ಲ, ಮಾಲೀಕರು ತಮ್ಮನ್ನ ತಾವೇ ಕಿತ್ತುಹಾಕಿಕೊಳ್ಳಲ್ಲ. ಉಳಿಯೋದು ಒಬ್ಬ. ಅವನನ್ನ ಕಳಿಸಿದರೆ "ಏನೋ ಕ್ರಮ ತಗೊಂಡ್ರು" ಅಂತ ನಮಗೂ ಸಮಾಧಾನ. ನಮ್ಮ ಐಟಿಯವರಿಗೆ ಇದು ಚೆನ್ನಾಗಿ ಗೊತ್ತು. ಶುಕ್ರವಾರ ರಾತ್ರಿ ಸರ್ವರ್ ಬಿದ್ದರೆ ಕೊನೆಯಲ್ಲಿ ಬಟನ್ ಒತ್ತಿದವನನ್ನ ಹುಡುಕ್ತಾರೆ. ಟೆಸ್ಟಿಂಗಿಗೆ ಇದ್ದ ಎರಡು ವಾರವನ್ನ ಎರಡು ದಿನ ಮಾಡಿದವರು ಆ ಮೀಟಿಂಗಿನಲ್ಲಿ ಪ್ರಶ್ನೆ ಕೇಳೋ ಕಡೆ ಕೂತಿರ್ತಾರೆ.

"ದುಡ್ಡು ಕೊಟ್ಟು ಟಿಕೆಟ್ ತಗೊಂಡಿದೀನಿ, ಯಾರನ್ನ ಬೇಕಾದ್ರೂ ಬೈತೀನಿ" ಅಂದ ಒಬ್ಬ ಗೆಳೆಯ. ಬೈಯೋದು ತಪ್ಪು ಅಂತ ನಾನೆಲ್ಲಿ ಹೇಳಿದೆ? ಬೈಗುಳ ಇಲ್ಲದ ಕಡೆ ಏನಾಗುತ್ತೆ ಗೊತ್ತಾ? ಮೈಸೂರು ಅನ್ನೋ ಹೆಸರಲ್ಲಿ ನಮ್ಮ ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಆಮೇಲೆ ಗೆದ್ದಿದ್ದು 2023ರ ಮಾರ್ಚ್ 4ಕ್ಕೆ, ರಿಯಾದ್‌ನಲ್ಲಿ ಮೇಘಾಲಯದ ಮೇಲೆ 3-2. ಅಂದ್ರೆ 54 ವರ್ಷ! ಆ 54 ವರ್ಷದಲ್ಲಿ ಯಾವ ಕೋಚನ್ನ ಬೈದ್ವಿ? ಯಾವ ಪದಾಧಿಕಾರಿಯ ಹೆಸರು ನಮಗೆ ಗೊತ್ತಿತ್ತು? ನಾವು ನೋಡ್ತಾನೇ ಇರಲಿಲ್ಲ. ಗೆದ್ದ ದಿನವೂ ನಮ್ಮ ಗುಂಪಿನಲ್ಲಿ ಚರ್ಚೆ ಹಿಂದಿನ ರಾತ್ರಿಯ ಛೆಟ್ರಿ ಫ್ರೀಕಿಕ್ಕಿನದ್ದೇ. ನಾನು ಓದಿದ ಶಾಲೆಯಲ್ಲಿ ವಾಲಿಬಾಲ್ ನೆಟ್ ಇತ್ತು, ಕಬಡ್ಡಿ ಅಂಕಣ ಇತ್ತು, ಫುಟ್ಬಾಲ್ ಗೋಲುಕಂಬ ಇರಲಿಲ್ಲ. "ಒಳ್ಳೆಯ ಭಾರತೀಯ ಆಟಗಾರರು ಸಿಗಲ್ಲ" ಅನ್ನೋ ಸಮಸ್ಯೆಯ ಬೇರು ಅಲ್ಲೆಲ್ಲೋ ಇದೆ. ಅದಕ್ಕೆ ಯಾರೂ ಯಾರನ್ನೂ ಬೈಯಲ್ಲ.

ಬೈಗುಳ ಅಂದ್ರೆ ಕಾಳಜಿಯೇ. ಆದರೆ ವಿಳಾಸ ತಪ್ಪಿದರೆ ಎರಡು ನಷ್ಟ.

ಒಂದು, ತಲುಪಬಾರದವನಿಗೆ ತಲುಪುತ್ತೆ. ಕಂಠೀರವದಲ್ಲಿ ನನ್ನ ಹಿಂದಿನ ಸಾಲಿನವರು ಬದಲಿ ಆಟಗಾರನಾಗಿ ಇಳಿದ ಒಬ್ಬ ಇಪ್ಪತ್ತರ ಆಸುಪಾಸಿನ ಹುಡುಗನಿಗೆ ಅಮ್ಮ ಅಕ್ಕ ಅಂತ ಎಳೆದು ಬೈದಿದ್ದು ನನಗಿನ್ನೂ ನೆನಪಿದೆ. ಅವನು ಆಮೇಲೆ ಚೆಂಡು ಬಂದರೆ ಸಾಕು, ಹಿಂದಕ್ಕೇ ತಳ್ತಿದ್ದ. ಟೀಮು ಕಟ್ಟಿದ್ದು ಅವನಲ್ಲ.

ಎರಡು, ತಲುಪಬೇಕಾದವರಿಗೆ ತಲುಪಲ್ಲ. 2025ರಲ್ಲಿ ನೋಡಿದ್ವಲ್ಲ. ಫೆಡರೇಶನ್ನಿಗೂ ಲೀಗ್ ನಡೆಸೋ ಕಂಪನಿಗೂ ಇದ್ದ 15 ವರ್ಷದ ಒಪ್ಪಂದ ಆ ಡಿಸೆಂಬರಿಗೆ ಮುಗಿಯೋದಿತ್ತು. ಮುಂದೇನು ಅಂತ ತೀರ್ಮಾನ ಆಗದೆ ಜುಲೈನಲ್ಲಿ ಐಎಸ್ಎಲ್ ತಡೆಹಿಡಿದರು. ಆಗಸ್ಟಿನಲ್ಲಿ ನಮ್ಮ ಕ್ಲಬ್ಬು ಆಟಗಾರರು, ಸಿಬ್ಬಂದಿಯ ಸಂಬಳ ನಿಲ್ಲಿಸ್ತು. 2025 ಮುಗಿದರೂ ಲೀಗು ಶುರುವಾಗಲಿಲ್ಲ. ಯಾರೂ ಗೋಲು ಬಿಟ್ಟಿರಲಿಲ್ಲ, ಯಾರೂ ಪೆನಾಲ್ಟಿ ತಪ್ಪಿಸಿರಲಿಲ್ಲ, ರೆಫರಿ ಸೀಟಿಯನ್ನೇ ಊದಿರಲಿಲ್ಲ. ಭಾರತದ ಫುಟ್ಬಾಲಿಗೆ ಅದಕ್ಕಿಂತ ದೊಡ್ಡ ಸೋಲು ನಾನು ನೋಡಿಲ್ಲ. ಆದ್ರೆ ಯಾರನ್ನ ಬೈಯಬೇಕು ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಅಷ್ಟು ವರ್ಷ ಕೋಚ್, ಕೀಪರ್, ರೆಫರಿ ಅಂತ ಮೈದಾನದೊಳಗಿನವರನ್ನೇ ಬೈದು ಅಭ್ಯಾಸ ಆಗಿತ್ತು.

ಅದಕ್ಕೇ ನನ್ನದೊಂದು ಸಣ್ಣ ಸೂಚನೆ. ಮುಂದಿನ ಸಲ ನಿಮ್ಮ ಟೀಮು ಸೋತಾಗ, ಅದು ಫುಟ್ಬಾಲ್ ಇರಲಿ, ಕ್ರಿಕೆಟ್ ಇರಲಿ, ಬೈಯೋಕೆ ಮುಂಚೆ ಮೂರೇ ಪ್ರಶ್ನೆ ಕೇಳಿ. ಈ ಸೋಲಿಗೆ ದಾರಿ ಮಾಡಿದ ನಿರ್ಧಾರ ಯಾವುದು? ಅದನ್ನ ತಗೊಂಡಿದ್ದು ಯಾರು, ಯಾವಾಗ? ಈಗ ಬೈಸಿಕೊಳ್ತಿರೋನು ನಾಳೆಯೇ ಹೋದರೆ ಆ ನಿರ್ಧಾರ ಬದಲಾಗುತ್ತಾ? ಮೂರನೆಯದಕ್ಕೆ "ಇಲ್ಲ" ಅನ್ನೋದು ಉತ್ತರವಾದ್ರೆ ಬೈಗುಳವನ್ನ ಬಾಯಲ್ಲೇ ಇಟ್ಟುಕೊಳ್ಳಿ, ವಿಳಾಸ ಹುಡುಕಿ, ಆಮೇಲೆ ಕಳಿಸಿ.

ಇನ್ನು ಮಂತ್ರಿಗಿರಿ, ಮಳೆಗಾಲದ ರಸ್ತೆಗುಂಡಿ, ಆಫೀಸಿನ ಅಪ್ರೈಸಲ್ ಇದಕ್ಕೆಲ್ಲ ಈ ಪ್ರಶ್ನೆಗಳು ಅನ್ವಯಿಸುತ್ತಾ ಅಂತ ನನ್ನ ಕೇಳಬೇಡಿ, ನಾನು ಬರೀ ಫುಟ್ಬಾಲ್ ಬಗ್ಗೆ ಬರೆದಿರೋದು :-)

ನೀವೇನಂತೀರಾ? ನಿಮ್ಮ ಲೆಕ್ಕದಲ್ಲಿ ಹೊಣೆ ಯಾರು? ಕೋಚೇ ಅಂತ ಇನ್ನೂ ಅನ್ನಿಸಿದರೆ ಧಾರಾಳವಾಗಿ ಬರೀರಿ, ಜಗಳ ಆಡೋಣ. ಪುರಾವೆ ಮಾತ್ರ ಜೊತೇಲಿ ತನ್ನಿ.