ಮೊದಲ ಪ್ರದರ್ಶನ ಮನೆಯಲ್ಲೇ ಆಗಲಿ

ಕಾಲೇಜಿನ ಫೋಟೊಗ್ರಫಿ ಕ್ಲಬ್‌ಗಳಲ್ಲಿ ಈಗ ‘ನಮ್ಮ ಮನೆಯ ಒಂದು ದಿನ’ ಎಂಬಂಥ ವಿಷಯ ಕೊಡುವುದು ಸಾಮಾನ್ಯ. ಖರ್ಚಿಲ್ಲ, ಊರೂರು ಸುತ್ತಬೇಕಿಲ್ಲ, ಕೈಯಲ್ಲಿ ಮೊಬೈಲ್ ಇದ್ದರೆ ಸಾಕು. ವಿಷಯವೂ ಸಣ್ಣದೇನಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ದಶಕಗಳ ಕಾಲ ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ತೆಗೆದು ದೊಡ್ಡ ಹೆಸರು ಮಾಡಿದರು. ಒಂದು ಭಾನುವಾರಕ್ಕೆ 300 ಫೋಟೊ ತೆಗೆಯುವುದು ಸುಲಭ. ಕಷ್ಟ ಶುರುವಾಗುವುದು ಆಮೇಲೆ. ಅದರಲ್ಲಿ ಗೋಡೆಗೆ ಏರಬೇಕಾದ 12 ಯಾವುವು? ಅದನ್ನು ತೀರ್ಮಾನಿಸಬೇಕಾದವರು ಯಾರು?

ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ಮನೆಗಳಲ್ಲಿ ಚಿತ್ರಗಳಿಗೆ ಬರವಿಲ್ಲ. ಅಟ್ಟದ ಮೇಲೆ ಗುಡ್ಡೆ ಹಾಕಿದ ಕಾಯಿ ಸುಮಾರು ಒಂದು ವರ್ಷ ಅಲ್ಲೇ ಕೂತು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಆಮೇಲೆ ಮಟ್ಟೆ ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಕೊಬ್ಬರಿ ತಿಪಟೂರು ಮಾರುಕಟ್ಟೆಗೆ, ಚಿಪ್ಪು ಒಲೆಗೆ, ಗರಿಯ ಕಡ್ಡಿ ಪೊರಕೆಗೆ. ಕೊಬ್ಬರಿ ಧಾರಣೆ ಪತ್ರಿಕೆಯಲ್ಲಿ ಬರುತ್ತದೆ. ಅಟ್ಟ ಹತ್ತಿ ಇಳಿದವರ, ಚಿಪ್ಪು ಬಿಡಿಸಿ ಕೈ ತರಚಿಕೊಂಡವರ ಸುದ್ದಿ ಬರುವುದಿಲ್ಲ. ಹಾಗಾಗಿ ಇಂಥ ಪ್ರಾಜೆಕ್ಟಿನಲ್ಲಿ ಫೋಟೊ ಆರಿಸುವುದೆಂದರೆ ಯಾರ ದುಡಿಮೆ ಲೆಕ್ಕಕ್ಕೆ ಬರಬೇಕು ಎಂದು ಆರಿಸುವುದೂ ಹೌದು.

ನಾವು ಹೆಚ್ಚಿನವರು ಚೆಂದ ಕಂಡದ್ದನ್ನೇ ಮುಂದಿಡುತ್ತೇವೆ. ಒಲೆಯ ಹೊಗೆಯಲ್ಲಿ ಬಿಸಿಲಕೋಲು ಬಿದ್ದರೆ ಸಾಕು, ಅದೇ ಚಿತ್ರ ಎಂಟು ಸಲ. ಮೇಲೊಂದು ಫಿಲ್ಟರ್ ಹಾಕಿದರೆ ಮಸಿ ಹಿಡಿದ ಗೋಡೆಯೂ ಚಿನ್ನದ ಬಣ್ಣ. ಅಲ್ಲಿ ಕೂತವರ ಕಣ್ಣುರಿ ಮಾತ್ರ ಕಾಣುವುದಿಲ್ಲ. ರಾಬರ್ಟ್ ಫ್ರಾಂಕ್ ಸುಮಾರು 28,000 ಚಿತ್ರ ತೆಗೆದು ‘ದಿ ಅಮೆರಿಕನ್ಸ್’ ಪುಸ್ತಕಕ್ಕೆ ಉಳಿಸಿಕೊಂಡದ್ದು 83 ಮಾತ್ರ. ನಮಗೂ ಒಂದು ಪರೀಕ್ಷೆ ಸಾಕು: ಈ ಚಿತ್ರ ತೆಗೆದುಬಿಟ್ಟರೆ ಕಥೆಯಲ್ಲಿ ಏನು ಕಾಣೆಯಾಗುತ್ತದೆ? ಏನೂ ಇಲ್ಲವೆಂದರೆ ಎಷ್ಟೇ ಚೆಂದವಿದ್ದರೂ ಅದು ಬೇಡ. ಮೊಬೈಲ್ ಪರದೆ ಬಿಟ್ಟು ಸಣ್ಣ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ ನೋಡಿದರೆ ಒಂದೇ ಥರದವು ತಾವಾಗಿಯೇ ಕಣ್ಣಿಗೆ ಬೀಳುತ್ತವೆ.

ಇದಕ್ಕಿಂತ ಗಟ್ಟಿ ಪ್ರಶ್ನೆ ಒಪ್ಪಿಗೆಯದು. ನನ್ನ ಆಯ್ಕೆಯಲ್ಲಿ ಮೊದಲು ನಿಂತದ್ದು, ತಲೆಯೆಲ್ಲಾ ಮಟ್ಟೆ ಧೂಳು ತುಂಬಿಕೊಂಡು ಹಳೇ ಸೀರೆಯಲ್ಲಿ ನಗುತ್ತಿರುವ ಅಮ್ಮನ ಚಿತ್ರ. ‘ಈ ಸೀರೇಲಿರೋದು ಬೇಡ, ಅದೂ ಕಾಲೇಜಲ್ಲಿ’ ಎಂದರು ಅಮ್ಮ. ‘ಅದೇ ಬೆಸ್ಟ್, ಹಾಕಿಬಿಡು’ ಎಂದರು ಗೆಳೆಯರು. ಗೆಳೆಯರ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಎಲ್ಲರೂ ಹಬ್ಬದ ಸೀರೆಯಲ್ಲೇ ನಿಂತರೆ ದುಡಿಮೆ ಮತ್ತೆ ಮರೆಯಾಗುವುದಿಲ್ಲವೇ?

ಆದರೆ ಇನ್ನೊಂದು ಚಿತ್ರವನ್ನು ನೆನೆಯಬೇಕು. 1936ರಲ್ಲಿ ಕ್ಯಾಲಿಫೋರ್ನಿಯಾದ ಕೂಲಿಗಾರರ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ‘ವಲಸೆ ತಾಯಿ’ ಜಗತ್ಪ್ರಸಿದ್ಧವಾಯಿತು. ಆ ತಾಯಿಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಅದರಿಂದ ತನಗೆ ಬಿಡಿಗಾಸೂ ಸಿಗಲಿಲ್ಲ, ತೆಗೆಯದಿದ್ದರೇ ಚೆನ್ನಿತ್ತು ಎಂಬ ಬೇಸರ ಆಕೆಗಿತ್ತು. ಚಿತ್ರ ಎಷ್ಟೇ ದೊಡ್ಡದಾದರೂ ಅದರಲ್ಲಿರುವವರ ಮಾತು ಕೇಳದೆ ಹೋದರೆ ಅವರು ಬರೀ ಮುಖವಾಗಿ ಉಳಿಯುತ್ತಾರೆ.

ಕೇಳಿದರೆ ನಷ್ಟವಿಲ್ಲ, ಲಾಭವೇ ಇದೆ. ಆ ಚಿತ್ರ ಬದಿಗಿಟ್ಟು ಉಳಿದ ಪ್ರಿಂಟುಗಳನ್ನು ಅಮ್ಮನ ಮುಂದೆ ಹರಡಿದೆ. ಅವರು ಎತ್ತಿಕೊಂಡದ್ದು ಗೋಡೆಯ ಮೇಲೆ ಇದ್ದಿಲಿನಿಂದ ಗೀಚಿದ ಗೆರೆಗಳ ಚಿತ್ರ. ಅಟ್ಟಕ್ಕೆ ಏರಿಸಿದ ಕಾಯಿಯ ಲೆಕ್ಕ ಅದು, ಬರೆದವರು ಅವರೇ. ಯಾವ ವರ್ಷ ಮಳೆ ಕೈಕೊಟ್ಟು ಗೆರೆ ಕಡಿಮೆಯಾಯಿತು ಎಂಬುದನ್ನೂ ಹೇಳಿದರು. ಹಳೇ ಸೀರೆಯ ಚಿತ್ರಕ್ಕಿಂತ ಅವರ ದುಡಿಮೆಯನ್ನು ಇದು ಹೆಚ್ಚು ಹೇಳುತ್ತದೆ. ಅದರ ಕೆಳಗೆ ‘ಶ್ರಮದ ಸೌಂದರ್ಯ’ ಎಂದು ಬರೆಯಬೇಕಿಲ್ಲ. ‘ಕಾಯಿ ಲೆಕ್ಕ, ಅಮ್ಮ ಬರೆದದ್ದು’ ಎಂದರೆ ಸಾಕು.

ಕೆಲಸ ಹುಡುಕುವವರಿಗೂ ಇದು ಹೊರತಲ್ಲ. ಸಂದರ್ಶನಕ್ಕೆ ಪೋರ್ಟ್‌ಫೋಲಿಯೊ ಒಯ್ಯುವವರು, ಪ್ರಾಜೆಕ್ಟ್ ವರದಿ ಬರೆಯುವವರು ‘ಏನು ಮಾಡಿದೆ’ ಎಂಬುದರ ಜೊತೆಗೆ ‘ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ’ ಎಂದು ಹೇಳಬಲ್ಲವರಾಗಬೇಕು.

ಕಾಲೇಜುಗಳ ಕ್ಲಬ್‌ಗಳು ಒಂದು ನಿಯಮ ಮಾಡಲಿ. ಗೋಡೆಗೆ ಏರುವ ಮುನ್ನ ಎಲ್ಲ ಚಿತ್ರಗಳನ್ನೂ ಅದರಲ್ಲಿರುವವರಿಗೆ ತೋರಿಸಿರಬೇಕು. ಅವರು ಬೇಡವೆಂದದ್ದು ಬೇಡ. ಆಯ್ಕೆಗೆ ಅವರನ್ನೂ ಕೂರಿಸಿಕೊಳ್ಳಬೇಕು. ಉದ್ಘಾಟನೆಗೆ ಅತಿಥಿಗಳನ್ನು ಹುಡುಕುವ ಬದಲು ಚಿತ್ರದಲ್ಲಿರುವವರನ್ನೇ ಕರೆದರೆ ಇನ್ನೂ ಒಳ್ಳೆಯದು. ಬಸ್ ಚಾರ್ಜನ್ನು ಕ್ಲಬ್ಬೇ ಕೊಡಲಿ.