ತುಳಸಿಯ ಮಂಜರಿಯನ್ನು ಚಿವುಟಬೇಡಿರಿ



ನಮ್ಮ ತಾಲ್ಲೂಕಿನ ಹೆಸರೇ ಹೂವಿನ ಹಡಗಲಿ. ಇಲ್ಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಅದು ನನಗೂ ಹೆಮ್ಮೆಯೇ. ಆದರೂ ಒಂದು ಮಾತನ್ನು ನಿಷ್ಠುರವಾಗಿ ಹೇಳಲೇಬೇಕಾಗಿದೆ: ಹೂವಿನ ಈ ನಾಡಿನಲ್ಲಿ ನಾವು ಜೇನುಹುಳುವಿನ ಪಾಲಿಗೆ ಹೂವನ್ನು ಉಳಿಸುತ್ತಿಲ್ಲ. ಮಲ್ಲಿಗೆಯನ್ನು ಅರಳುವ ಮುನ್ನವೇ ಮೊಗ್ಗಾಗಿ ಬಿಡಿಸಿ ಪೇಟೆಗೆ ಕಳುಹಿಸುತ್ತೇವೆ. ಹೊಲಗಳನ್ನು ತುಂಬಿರುವ ಮೆಕ್ಕೆಜೋಳದಲ್ಲಿ ಪರಾಗವುಂಟು, ಮಕರಂದವಿಲ್ಲ. ಬದುಗಳ ಮೇಲೆ ತಾನಾಗಿ ಬೆಳೆಯುತ್ತಿದ್ದ ತುಂಬೆಯನ್ನು ಕಳೆಯೆಂದು ಔಷಧ ಹೊಡೆದು ಸುಡುತ್ತೇವೆ.

ಇನ್ನು ಮನೆಯಂಗಳದ ಸೌಂದರ್ಯ! ಹಿರೇಹಡಗಲಿಯಲ್ಲಿ ಹೊಸ ಮನೆ ಕಟ್ಟಿಸಿದವರು ಅಂಗಳಕ್ಕೆ ಸಿಮೆಂಟು ಬಳಿದು, ಕುಂಡಗಳಲ್ಲಿ ಕ್ರೋಟನ್ ಇಟ್ಟು, ಗೇಟಿನ ಬದಿಗೆ ಅಮೆರಿಕ ಮೂಲದ ಡುರಾಂಟ ಬೇಲಿ ಬೆಳೆಸುತ್ತಾರೆ. ಅದನ್ನು ಹೂಬಿಡಲೂ ಬಿಡದೆ ಕತ್ತರಿಸುತ್ತಲೇ ಇರುತ್ತಾರೆ. ಹೆಸರಿನಲ್ಲಿಯೇ ದುರಂತವನ್ನು ಅಡಗಿಸಿಕೊಂಡ ಗಿಡವದು!

ಈ ಮಣ್ಣಿನದೇ ಆದ ತುಳಸಿಗೆ ಏನು ಕೊರತೆಯಿತ್ತು? ತುಳಸಿ, ತುಂಬೆಗಳೆರಡೂ ಒಂದೇ ಕುಟುಂಬದವು. ಎರಡರ ಹೂವಿಗೂ ಎರಡು ತುಟಿ. ತುಳಸಿಯ ಕೇಸರಗಳು ಕೆಳತುಟಿಯ ಮೇಲೆ ಒರಗಿರುವುದರಿಂದ ಜೇನಿನ ಹೊಟ್ಟೆಗೆ ಪರಾಗ ಅಂಟುತ್ತದೆ. ತುಂಬೆಯ ಕೇಸರಗಳು ಮೇಲ್ತುಟಿಯ ಅಡಿಯಲ್ಲಿರುವುದರಿಂದ ಬೆನ್ನಿಗೆ ಅಂಟುತ್ತದೆ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ದಾಸವಾಳ ಬರೆದು ಪರಾಗಸ್ಪರ್ಶ ಕಲಿಸಿದ ನಾನು ಹೇಳುತ್ತೇನೆ, ಅಂಗಳದ ತುಳಸಿಗಿಂತ ಮಿಗಿಲಾದ ಪಾಠವಿಲ್ಲ.

"ಮಂಜರಿ ಬಿಟ್ಟರೆ ಗಿಡ ಬೇಗ ಒಣಗುತ್ತದೆ" ಎಂದು ನೀವು ವಾದಿಸುವಿರಿ. ಚಿವುಟಿದರೆ ಎಲೆ ಹೆಚ್ಚುತ್ತದೆಂಬುದು ನಿಜ. ಹಾಗಾದರೆ ಪೂಜೆಯ ಕಟ್ಟೆಯಲ್ಲಿ ಒಂದು ಗಿಡವನ್ನು ಚಿವುಟಿಕೊಳ್ಳಿರಿ. ಹಿತ್ತಲಿನ ಹತ್ತು ಗಿಡಗಳನ್ನು ಹೂವಾಗಲು ಬಿಡಿರಿ. ಒಣಗಿದ ಗಿಡ ನೂರಾರು ಬೀಜ ಚೆಲ್ಲಿಯೇ ಹೋಗುತ್ತದೆ. "ಜೇನು ಮಕ್ಕಳನ್ನು ಕಚ್ಚೀತು" ಎಂಬ ಭಯವೂ ಕೆಲವರಿಗಿದೆ. ಗೂಡನ್ನು ಕೆಣಕಿದರೆ ಹೆಜ್ಜೇನು ಮುತ್ತುವುದು ದಿಟ; ಆದರೆ ಹೂವಿನಲ್ಲಿ ಮೇಯುವ ಹುಳುವಿಗೆ ನಿಮ್ಮ ಗೊಡವೆಯೇ ಇರುವುದಿಲ್ಲ.

ಇದು ಕೇವಲ ಅಂದದ ಮಾತಲ್ಲ. ಸೂರ್ಯಕಾಂತಿ ಬೆಳೆದವರನ್ನು ಕೇಳಿರಿ: ಪರಾಗ ಸೇರದ ಕಾಳು ಜೊಳ್ಳಾಗುತ್ತದೆ. ಆ ಬೆಳೆ ಅರಳುವುದು ಕೆಲವೇ ದಿನ. ಆ ದಿನಗಳಲ್ಲಿ ಜೇನು ಬೇಕೆನ್ನುವವರು ಉಳಿದ ತಿಂಗಳು ಅದಕ್ಕೆ ಆಹಾರ ಉಳಿಸಬೇಡವೇ? ತಿಂಗಳುಗಟ್ಟಲೆ ಹೂಬಿಡುವ ತುಳಸಿ ಆ ಋಣವನ್ನು ಸ್ವಲ್ಪವಾದರೂ ತೀರಿಸುತ್ತದೆ.

ಖರ್ಚೇನೂ ಇಲ್ಲ. ಒಣಗಿದ ಮಂಜರಿಯನ್ನು ಅಂಗೈಯಲ್ಲಿ ಉಜ್ಜಿ, ಬೀಜವನ್ನು ಮರಳಿನೊಡನೆ ಬೆರೆಸಿ, ಮುಂಗಾರಿನಲ್ಲಿ ಬಿಸಿಲು ಬೀಳುವ ಕಡೆ ಚೆಲ್ಲಿರಿ. ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ಸಾಕು. ಸಸಿಗಳನ್ನು ಒಂದೂವರೆ ಅಡಿಗೊಂದರಂತೆ ನಾಟಿರಿ. ಹೂವಿರುವಾಗ ಕೀಟನಾಶಕ ಸಿಂಪಡಿಸಬೇಡಿರಿ. ಬೆಂಗಳೂರಿನ ಬಾಲ್ಕನಿಯಲ್ಲಿರುವ ನನ್ನ ಶಿಷ್ಯರಿಗೂ ಎರಡು ಕುಂಡಗಳಿಗೆ ಜಾಗವಿದ್ದೇ ಇರುತ್ತದೆ, ನೆಪ ಹೇಳಬೇಡಿರಿ.